ಶಿರಸ್ತೇದಾರರನ್ನು ಒದ್ದ ಕಾಲು

ಶಿಕಾರಿಪುರದಲ್ಲಿ ಶಿರಸ್ತೇದಾರರನ್ನು ಒದ್ದು, ಅವರ ಮನೆಯಲ್ಲೇ ಕೂತು ಉಪ್ಪಿಟ್ಟು ತಿಂದು ಬಂದವರು ಯಾರಾದರೂ ಇದ್ದರೆ ಕೈ ಎತ್ತಿ.

ಯಾರೂ ಇಲ್ಲ. ಗೊತ್ತಿತ್ತು. ನಾನೊಬ್ಬನೇ.

ಶಿರಸ್ತೇದಾರರೊಬ್ಬರೇ ಅಲ್ಲ. ರೆವಿನ್ಯೂ ಇನ್ಸ್‌ಪೆಕ್ಟರನ್ನು ಒದ್ದಿದ್ದೇನೆ. ಹೆಡ್‌ಮಾಸ್ಟರನ್ನು ಸತತವಾಗಿ ಎರಡು ವರ್ಷ ಒದ್ದಿದ್ದೇನೆ. ಅಡಿಕೆ ಮಂಡಿ ಸಾಹುಕಾರರು ಕಾರು ಕಳಿಸಿ ಕರೆಸಿಕೊಂಡು ಒದೆಸಿಕೊಂಡಿದ್ದಾರೆ. ಒಂದೇ ಒಂದು ಪೊಲೀಸ್ ಕೇಸಿಲ್ಲ. ಒದೆ ತಿಂದವರೆಲ್ಲ ನಾಲ್ಕು ದಿನ ಬಿಟ್ಟು ಅಂಗಡಿಗೆ ಬಂದು ಕೈ ಮುಗಿದಿದ್ದಾರೆ, ಹೋಗುವಾಗ ಒಂದು ಟವೆಲ್ಲನ್ನೂ ತಗೊಂಡು ಹೋಗಿದ್ದಾರೆ. (ನನ್ನದು ಜವಳಿ ಅಂಗಡಿ. ಗೊತ್ತಿಲ್ಲದವರು ಈಗ ತಿಳಿದುಕೊಳ್ಳಿ.)

ಹೇಗೆ ಅಂತೀರಾ?

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬೆನ್ನಿನ ಉಳುಕು ಹೋಗುತ್ತದೆ. ಇದು ನಿಮಗೂ ಗೊತ್ತು, ನಿಮ್ಮ ಅಜ್ಜಿಗೂ ಗೊತ್ತು. ಮಕ್ಕಳೆಲ್ಲ ತಲೆ ಮುಂದಿಟ್ಟು ಭೂಮಿಗೆ ಬಂದರೆ, ಎಲ್ಲೋ ಒಬ್ಬರು ಕಾಲು ಮುಂದಿಟ್ಟು ಬರುತ್ತಾರೆ. ಅಂಥವರ ಎಡಗಾಲಿನ ಹಿಮ್ಮಡಿಯಲ್ಲಿ ಔಷಧಿ ಇರುತ್ತದಂತೆ. ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ನೋವಿನವರನ್ನು ಹೊಸ್ತಿಲ ಮೇಲೆ ನಿಲ್ಲಿಸಿ, ನೋವಿರುವ ಜಾಗಕ್ಕೆ ಮೂರು ಸಲ ಹಿಮ್ಮಡಿ ತಾಗಿಸಬೇಕು. ಹೀಗೆ ಮೂರು ಭಾನುವಾರ. ಅಷ್ಟೇ ಚಿಕಿತ್ಸೆ.

ತಾಗಿಸಬೇಕು ಅಂತ ಇರೋದು ಹಳೇ ಪದ್ಧತಿ. ಒದೆಯಬೇಕು ಅನ್ನೋದು ನನ್ನ ತಿದ್ದುಪಡಿ. ಒದೆಸಿಕೊಳ್ಳುವವರು ಎರಡೂ ಕೈಯಲ್ಲಿ ಕಿವಿ ಹಿಡಿದುಕೊಂಡು ನಿಂತಿರಬೇಕು ಅನ್ನೋದೂ ನಾನೇ ಸೇರಿಸಿದ್ದು. ಶಿರಸ್ತೇದಾರರು ಕಿವಿ ಹಿಡಿದು ನಿಂತಿದ್ದನ್ನು ನೀವು ನೋಡಬೇಕಿತ್ತು. ಅರ್ಜಿ ಹಿಡಿದು ಅವರ ಮೇಜಿನ ಮುಂದೆ ನಿಂತೂ ನಿಂತೂ ಸವೆದವರಿಗೆಲ್ಲ ಟಿಕೆಟ್ ಇಟ್ಟು ತೋರಿಸಬಹುದಿತ್ತು. ಈಗ ಅವರು ರಿಟೈರ್ ಆಗಿದ್ದಾರೆ, ಬಿಡಿ.

ಇನ್ನು ನಿಜ ಹೇಳಿಬಿಡುತ್ತೇನೆ. ಹೇಗೂ ಊರಿಗೆಲ್ಲ ಗೊತ್ತಾಗಿದೆ, ಪತ್ರಿಕೆ ಓದುವವರಿಗೆ ಗೊತ್ತಾದರೆ ಏನು ಮಹಾ?

ನಾನು ಕಾಲು ಮುಂದಾಗಿ ಹುಟ್ಟಿದವನಲ್ಲ. ನಿಮ್ಮೆಲ್ಲರ ಹಾಗೆ ತಲೆ ಮುಂದಾಗಿಯೇ ಬಂದವನು.

ಸುಳ್ಳು ಶುರುವಾದದ್ದು ಮಾವನ ಮನೆಯಲ್ಲಿ. ಮದುವೆಯಾದ ಹೊಸತು. ನಮ್ಮ ಮಾವನವರು ದೊಡ್ಡ ಮೀಸೆಯ ಪಟೇಲರು. ನನ್ನನ್ನು ಕಂಡರೆ ಮಾತಾಡುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಒಂದು ದಿನ ಭತ್ತದ ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕೂತರು. 'ಕಾಲು ಮುಂದಾಗಿ ಹುಟ್ಟಿದೋರು ಯಾರಾರ ಅದಾರೇನ್ರೋ?' ಅಂತ ಅತ್ತೆ ಬೀದಿಗೆ ಕೇಳುವ ಹಾಗೆ ಕೂಗಿದರು. ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. 'ನಾನಿದೀನಲ್ಲ' ಅಂದುಬಿಟ್ಟಿತು.

ಮಾವನನ್ನು, ಅವರದೇ ಹೊಸ್ತಿಲ ಮೇಲೆ, ಅತ್ತೆಯ ಅಪ್ಪಣೆ ಪಡೆದು ಒದೆಯುವ ಯೋಗ ಎಷ್ಟು ಜನ ಅಳಿಯಂದಿರಿಗೆ ಸಿಕ್ಕಿದೆ, ಹೇಳಿ?

ನಾಲ್ಕು ದಿನಕ್ಕೆ ಮಾವನ ನೋವು ಹೋಯಿತು. ನನಗೆ ಹೆಸರು ಬಂತು. (ಉಳುಕು ಅನ್ನೋದು ಒದ್ದರೆ ನಾಲ್ಕು ದಿನಕ್ಕೆ ಹೋಗುತ್ತದೆ, ಒದೆಯದಿದ್ದರೂ ನಾಲ್ಕು ದಿನಕ್ಕೆ ಹೋಗುತ್ತದೆ. ಇದನ್ನು ಡಾಕ್ಟರು ನನಗೆ ಈಚೆಗೆ ಹೇಳಿದರು. ಆಗಲೇ ಯಾರಾದರೂ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.)

ಹೆಸರು ಬಂದ ಮೇಲೆ ಅದಕ್ಕೊಂದು ಜೋಡಿ ಬೇಡವೇ? ನನ್ನ ನಡುನೆತ್ತಿಯ ಮೇಲೆ ಒಂದು ಹಳೇ ಗಾಯದ ಗೆರೆ ಇದೆ. ಅದು ಚಳವಳಿಯಲ್ಲಿ ಬಿದ್ದ ಲಾಠಿ ಏಟು. ಅಂದರೆ ಹಾಗಂತ ನಾನು ಹೇಳುತ್ತಿದ್ದೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯವರು ಕರೆಯುತ್ತಿದ್ದರು. ನಾನು ಟೋಪಿ ತೆಗೆದು ತಲೆ ಬಗ್ಗಿಸಿ ತೋರಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟ್ರುಗಳು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಒಟ್ಟಿನಲ್ಲಿ ಕಾಲಿಗೊಂದು ಕೀರ್ತಿ, ತಲೆಗೊಂದು ಕೀರ್ತಿ. ನಡುವೆ ನಾನು ಸುಖವಾಗಿದ್ದೆ.

ಇಮಾಮ್ ಸಾಬನ ಬೆನ್ನು ನೋಯುವವರೆಗೆ.

ಇಮಾಮ್ ಸಾಬ ನಮ್ಮೂರ ಪಿಂಜಾರ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು. ನನ್ನ ಓರಗೆಯವನು. ನನ್ನ ಅಂಗಡಿಯ ಜಗಲಿಯಲ್ಲಿ ಅರ್ಧ ಅವನದು. ಹಾಸಿಗೆಯ ಬಟ್ಟೆ ನನ್ನದು, ಹತ್ತಿ ಅವನದು. ಊರಿನ ಅರ್ಧ ಸಂಸಾರಗಳು ನಮ್ಮಿಬ್ಬರ ಮೇಲೆ ಮಲಗಿ ನಿದ್ದೆ ಮಾಡುತ್ತಿವೆ.

ಅವನು ಯಾರ ಮಾತನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಅದರಲ್ಲೂ ನನ್ನ ಮಾತನ್ನು. ಕಾರಣ ಇದೆ. ಒಂದು ಸಲ, 'ಜಡೆ ಊರಿನಲ್ಲಿ ಸಾಹುಕಾರರ ಮನೆ ಮದುವೆ, ಹನ್ನೆರಡು ಹಾಸಿಗೆ ಬೇಕಂತೆ, ಅಲ್ಲೇ ಬಂದು ಹೊಲಿದುಕೊಡಬೇಕಂತೆ' ಅಂತ ಹೇಳಿ ಕಳಿಸಿದ್ದೆ. ಹತ್ತಿ ಹಿಂಜುವ ಬಿಲ್ಲು, ದಬ್ಬಣ, ಹತ್ತಿ ಮೂಟೆ ಎಲ್ಲ ಬಸ್ಸಿನ ಮೇಲೆ ಹೇರಿಕೊಂಡು ಹೋದ. ಆ ಮನೆಯಲ್ಲಿ ಅವತ್ತು ನಡೆಯುತ್ತಿದ್ದದ್ದು ಸಾಹುಕಾರರ ತಾಯಿಯ ತಿಥಿ. (ಊಟ ಮಾಡಿಕೊಂಡೇ ಬಂದ. ಅದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.) ಅಂದಿನಿಂದ ನಾನು ಮಳೆ ಬರ್ತಿದೆ ಅಂದರೂ ಅವನು ಕೈ ಹೊರಗೆ ಚಾಚಿ ನೋಡುತ್ತಾನೆ.

ಆದರೆ ನನ್ನ ಕಾಲನ್ನು ನಂಬಿದ್ದ. ಹಿಂದೊಮ್ಮೆ ಅವನಿಗೂ ಉಳುಕಿತ್ತು, ಒದ್ದಿದ್ದೆ, ಹೋಗಿತ್ತು. 'ಇವನ ನಾಲಿಗಿ ಸುಳ್ಳು, ಕಾಲು ಸತ್ಯ' ಅಂತ ಜಗಲಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದ. ಕೇಳಿ ನನಗೆ ಒಳಗೊಳಗೇ ನಗು.

ಈ ವರ್ಷ ಮಾವಿನ ಹಣ್ಣಿನ ಕಾಲದಲ್ಲಿ ಅವನ ಕುತ್ತಿಗೆಯ ಹಿಂದೆ ಒಂದು ಕುರು ಎದ್ದಿತು. ನಿಂಬೆಹಣ್ಣಿನಷ್ಟು. ಹಾಸಿಗೆ ಹೊಲಿಯುವ ದಬ್ಬಣ ಇದೆಯಲ್ಲ, ಗೇಣುದ್ದದ ಸೂಜಿ, ಅದನ್ನೇ ಲುಂಗಿಗೆ ಒರೆಸಿ, ಕನ್ನಡಿ ಹಿಡಿದು ಚುಚ್ಚಿಕೊಂಡ. ಹಿಸುಕಿದ. ಸುಣ್ಣ ಬೆಲ್ಲ ಮೆತ್ತಿದ.

'ನೋಡ್ಲೇ ರುದ್ರಾ, ಆಪರೇಷನ್ನು! ಡಾಕ್ಟ್ರೂ ಬ್ಯಾಡ, ದವಾಖಾನೀನೂ ಬ್ಯಾಡ' ಅಂದ.

ನಾನೂ 'ಭೇಷ್' ಅಂದೆ. ಕುರು ಒಣಗಿತು. ನಾವು ಮರೆತೆವು.

ಮೂರು ವಾರ ಕಳೆದಿರಬೇಕು. ಹತ್ತಿ ಹಿಂಜುತ್ತಿದ್ದವನು ಬಿಲ್ಲು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡ.

'ಲೇ, ಬೆನ್ನು ಹಿಡದೈತಿ. ಭಾನುವಾರ ಬರ್ತೀನಿ. ಕಾಲು ತೊಳ್ಕೊಂಡಿರು.'

ಬಂದ. ಕಿವಿ ಹಿಡಿದು ನಿಂತ. ಒದ್ದೆ. ಎಂದಿನ ಹಾಗೆ 'ಹಾ' ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಕೂಗಿದ ಕೂಗಿಗೆ ಒಳಗಿನಿಂದ ನನ್ನ ಹೆಂಡತಿ ಗೌರಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು.

'ರೀ, ಏನ್ ಮಾಡಿದ್ರಿ ಇಮಾಮಣ್ಣಂಗೆ?'

'ಔಷಧಿ ಹತ್ತೇತಿ ಬಿಡ್ರಿ ತಂಗಿ' ಅಂತ ಇಮಾಮನೇ ಸಮಾಧಾನ ಹೇಳಿದ. ಹಣೆಯ ಮೇಲೆ ಬೆವರು.

ಆ ವಾರ ದಿನಾ ಸಾಯಂಕಾಲ ಅವನಿಗೆ ಜ್ವರ ಬಂತು. ಉಳುಕಾದರೆ ಮಲಗಿದರೆ ಸುಖ. ಇವನಿಗೆ ಮಲಗಿದರೆ ನೋವು ಜಾಸ್ತಿ. ಊರವರು ಸುಮ್ಮನಿರುತ್ತಾರೆಯೇ? ಬೆನ್ನುನೋವಿಗೆ ಸಲಹೆ ಕೊಡದ ಮನುಷ್ಯ ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬರು ಹುರುಳಿ ಶಾಖ ಅಂದರು. ಇನ್ನೊಬ್ಬರು ವಾಯು ಅಂದರು. ಮತ್ತೊಬ್ಬರು, ದೃಷ್ಟಿ ಅಂದರು. ಇವನ ಬೆನ್ನನ್ನು ನೋಡಿ ಯಾರು ದೃಷ್ಟಿ ಹಾಕುತ್ತಾರೆ, ಸ್ವಾಮಿ? ಇದೆಲ್ಲದರ ನಡುವೆ 'ಜ್ವರ ಯಾಕೆ ಬರ್ತಿದೆ?' ಅಂತ ಕೇಳಿದವರು ಒಬ್ಬರೂ ಇಲ್ಲ. ನಾನೂ ಕೇಳಲಿಲ್ಲ. ಕಾಲಿನಲ್ಲೇ ಔಷಧಿ ಇಟ್ಟುಕೊಂಡವನು ಇನ್ನೊಬ್ಬರನ್ನು ಕೇಳುತ್ತಾನೆಯೇ?

ಎರಡನೇ ಭಾನುವಾರ ಮತ್ತೆ ಬಂದ. ಈ ಸಲ ಮೆಲ್ಲಗೆ ಒದ್ದೆ. ಆದರೂ ಗೋಡೆ ಹಿಡಿದುಕೊಂಡು ಕುಸಿದ.

ಬುಧವಾರ ಅವನ ಹೆಂಡತಿ ಬೀಬಮ್ಮ ಅವನನ್ನು ಹೆಗಲಿಗೆ ಆನಿಸಿಕೊಂಡು ಅಂಗಡಿಗೆ ಕರೆದುಕೊಂಡು ಬಂದಳು. ಬಂದವನು ಜಗಲಿಯ ಮೇಲೆ ಕೂತ. ನೋಡಿದರೆ ಬಲಗಾಲಲ್ಲಿ ಚಪ್ಪಲಿ ಇದೆ, ಎಡಗಾಲಲ್ಲಿ ಇಲ್ಲ.

'ಏನಯ್ಯಾ, ಒಂದೇ ಚಪ್ಪಲಿ? ಹೊಸ ಫ್ಯಾಷನ್ನಾ?' ಅಂದೆ.

ಬಗ್ಗಿ ಕಾಲು ನೋಡಿಕೊಂಡ. ಅವನ ಮುಖದಲ್ಲಿ ಮೂಡಿದ ಆಶ್ಚರ್ಯ ನಾಟಕದ್ದಾಗಿರಲಿಲ್ಲ. ಚಪ್ಪಲಿ ಬೀದಿಯ ತಿರುವಿನಲ್ಲಿ ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದಾನೆ. ಕಾಲಿಗೆ ಅದು ತಿಳಿದೇ ಇಲ್ಲ.

ನಾನು ಹೆದರುವವನಲ್ಲ ಅಂತ ನಿಮಗೆಲ್ಲ ಗೊತ್ತು. (ಲಾಠಿ ಏಟು ತಿಂದವನು!) ಅವತ್ತು ಹೆದರಿದೆ.

ಎತ್ತಿನ ಗಾಡಿಯಲ್ಲಿ ಮಲಗಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಊರಿಗೆ ಹೊಸಬರು, ಕನ್ನಡಕದ ಹುಡುಗ ಡಾಕ್ಟರು. ಇಮಾಮನನ್ನು ಬೋರಲು ಮಲಗಿಸಿ, ಮೇಲಿನಿಂದ ಕೆಳಗೆ ಬೆನ್ನುಮೂಳೆಯನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಬಂದರು. ತೆಂಗಿನಕಾಯಿ ಬಲಿತಿದೆಯೋ ಇಲ್ಲವೋ ಅಂತ ನೋಡುತ್ತೇವಲ್ಲ, ಹಾಗೆ. ಒಂದು ಮೂಳೆಗೆ ಬಂದಾಗ ಇಮಾಮ ಮಂಚದಿಂದ ಎಗರಿದ.

'ಈಚೆಗೆ ಎಲ್ಲಾದ್ರೂ ಗಾಯ, ಕುರು ಆಗಿತ್ತಾ?'

ಇಮಾಮ ದಬ್ಬಣದ ಆಪರೇಷನ್ನನ್ನು ಹೆಮ್ಮೆಯಿಂದ ವರ್ಣಿಸಿದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

'ನೋಡಿ, ಕೀವಿನಲ್ಲಿ ಬ್ಯಾಕ್ಟೀರಿಯಾ ಇರ್ತವೆ. ಹಿಸುಕಿದಾಗ ಎಲ್ಲ ಹೊರಗೇ ಬರಲ್ಲ. ಕೆಲವು ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತವೆ. ಹೆಚ್ಚಿನವರಿಗೆ ಏನೂ ಆಗಲ್ಲ, ಮೈಯೇ ಅವನ್ನ ಮುಗಿಸಿಬಿಡುತ್ತೆ. ಎಲ್ಲೋ ಅಪರೂಪಕ್ಕೆ ಒಬ್ಬರಿಗೆ ಬೆನ್ನುಮೂಳೆಗೆ ಹೋಗಿ ಕೂತು ಅಲ್ಲೇ ಕೀವು ಮಾಡ್ತವೆ. ಇವರಿಗೆ ಹಾಗೇ ಆಗಿದೆ ಅನ್ನಿಸುತ್ತೆ.'

ನನಗೆ ಸರಿಯಾಗಿ ಅರ್ಥವಾಯಿತು. ಕುತ್ತಿಗೆಯಲ್ಲಿ ರಕ್ತದ ಬಸ್ಸು ಹತ್ತಿ, ಊರೆಲ್ಲ ಸುತ್ತಿ, ಬೆನ್ನುಮೂಳೆಯ ಸ್ಟಾಪಿನಲ್ಲಿ ಇಳಿದು, ಅಲ್ಲೇ ಗುಡಿಸಲು ಹಾಕಿಕೊಂಡಿವೆ. ಈಗಿನ ಕಾಲ ನೋಡಿದರೆ, ಇಷ್ಟು ಹೊತ್ತಿಗೆ ಜಾಗ ತಮ್ಮದೇ ಅಂತ ಭೂಸುಧಾರಣೆ ಟ್ರಿಬ್ಯೂನಲ್ಲಿಗೆ ಡಿಕ್ಲರೇಷನ್ನನ್ನೂ ಕೊಟ್ಟಿರಬೇಕು.

'ನಮ್ಮ ಕಡೆ ಬೆನ್ನುಮೂಳೆಗೆ ಹೆಚ್ಚಾಗಿ ಬರೋದು ಟಿ.ಬಿ.' ಅಂದರು ಡಾಕ್ಟರು. 'ಆದ್ರೆ ಇದು ಇಷ್ಟು ಜೋರಾಗಿ, ಕುರು ಆದ ಮೇಲೆ ಬಂದಿದೆ. ಎಕ್ಸ್-ರೇ ಆಗಬೇಕು, ರಕ್ತ ಪರೀಕ್ಷೆ ಆಗಬೇಕು. ಹುಬ್ಬಳ್ಳಿಗೆ ಕರ್ಕೊಂಡು ಹೋಗಿ. ನಾಳೆ ನಾಡಿದ್ದು ಅನ್ನಬೇಡಿ. ಕೀವು ನರಕ್ಕೆ ಒತ್ತುತ್ತಾ ಇದೆ, ಕಾಲು ಜೋಮು ಹಿಡಿದಿರೋದು ಅದಕ್ಕೇ. ತಡ ಆದ್ರೆ ಕಾಲು ವಾಪಸ್ ಬರಲ್ಲ.' ಆಮೇಲೆ ಬೆನ್ನಿನ ಮೇಲೆ ಕೈ ಇಟ್ಟು ಕೇಳಿದರು. 'ಇಲ್ಲಿ ಕಂದಿದೆಯಲ್ಲ, ಇದೇನು?'

'ಅದು ಇವರ ಕಾಲ್ರೀ' ಅಂತ ಇಮಾಮ ನನ್ನ ಕಡೆ ಬೆರಳು ಮಾಡಿದ. ಏನು ಹೆಮ್ಮೆ!

ಡಾಕ್ಟರು ನನ್ನ ಮುಖ ನೋಡಿದರು, ಕಾಲು ನೋಡಿದರು.

'ರುದ್ರಪ್ಪನೋರೆ, ಈ ಕಾಯಿಲೆ ನಿಮ್ಮ ಒದೆಯಿಂದ ಬಂದಿದ್ದಲ್ಲ. ಆದ್ರೆ ನಿಮ್ಮ ಒದೆಯಿಂದ ಎರಡು ವಾರ ಹೋಯ್ತು.'

ಅರವತ್ತು ವರ್ಷದ ಬಾಯಿ ನನ್ನದು, ಯಾರಿಗೂ ಉತ್ತರ ಬಾಕಿ ಇಟ್ಟದ್ದಲ್ಲ. ಅವತ್ತು ನನ್ನ ಎಡಗಾಲನ್ನು ಬಲಗಾಲಿನ ಹಿಂದೆ ಬಚ್ಚಿಟ್ಟುಕೊಂಡೆ.

ಇಷ್ಟೆಲ್ಲ ಆದ ಮೇಲೆ ಇಮಾಮ ಹುಬ್ಬಳ್ಳಿಗೆ ಹೊರಟ ಅಂದುಕೊಂಡಿರಾ?

'ಮೂರನೇ ಭಾನುವಾರ ಬಾಕಿ ಐತಲ್ಲ' ಅಂದ. 'ಎರಡಕ್ಕೇ ಬಿಟ್ರ ಹೆಂಗ? ಭಾನುವಾರ ಒದಿಸ್ಕೊಂಡು, ಆಗಲಿಲ್ಲ ಅಂದ್ರ ಸೋಮವಾರ ಹೋಗೋಣು.'

ಭಾನುವಾರಕ್ಕೆ ಇನ್ನೂ ನಾಲ್ಕು ದಿನ. ಆಗಲೇ ಅವನ ಎಡಗಾಲಿನ ಹೆಬ್ಬೆರಳು ಅಲ್ಲಾಡುವುದನ್ನೇ ನಿಲ್ಲಿಸಿತ್ತು. ಬೀಬಮ್ಮ ಅಳುತ್ತಾ ನನ್ನ ಕಡೆ ನೋಡಿದಳು. 'ಅಣ್ಣಾರೆ, ನಿಮ್ಮ ಮಾತು ಕೇಳ್ತಾರೆ, ನೀವಾರ ಹೇಳ್ರಿ.'

ಹೇಳಿದೆ. ಬಾಗಿಲು ಮುಂದೆ ಮಾಡಿ, ಅವನ ಪಕ್ಕ ಕೂತು, ನಿಜ ಹೇಳಿದೆ. 'ಇಮಾಮಾ, ನಾನು ಕಾಲು ಮುಂದಾಗಿ ಹುಟ್ಟಿದವನಲ್ಲ ಮಾರಾಯ. ಅದೆಲ್ಲ ಸುಳ್ಳು. ನನ್ನ ಕಾಲಲ್ಲಿ ಆಣಿ ಬಿಟ್ಟರೆ ಇನ್ನೇನೂ ಇಲ್ಲ.'

ಇಮಾಮ ನಗಲು ಶುರು ಮಾಡಿದ. ನಕ್ಕರೆ ಬೆನ್ನು ನೋಯುತ್ತಿತ್ತು, ಆದರೂ ನಕ್ಕ.

'ಭಾರಿ ಇದೀ ಬಿಡಲೇ! ಜಡಿಗೆ ಕಳಿಸಿದ್ದಿ, ಸಾಲಲಿಲ್ಲ. ಈಗ ಹುಬ್ಬಳ್ಳೀನಾ? ಡಾಕ್ಟ್ರನ್ನೂ ಸೇರಿಸ್ಕೊಂಡಿಯಾ? ನಾ ಅಲ್ಲಿ ಬೆನ್ನು ಕೊಯ್ಸಿಕೊಂಡು ಬಂದ್ಮ್ಯಾಗ ಜಗಲಿ ಮ್ಯಾಲೆ ಕೂತು ನಗಬೇಕು ನೀನು. ಹೋಗ್, ಹೋಗ್. ಭಾನುವಾರ ಕಾಲು ತೊಳ್ಕೊಂಡಿರು.'

ನೋಡಿದಿರಾ ನನ್ನ ಕಾಲಿನ ಮಹಿಮೆ? ಸುಳ್ಳು ಹೇಳಿದಾಗ ಇಡೀ ತಾಲೂಕು ನಂಬಿತು. ನಿಜ ಹೇಳಿದರೆ ಒಬ್ಬ ಪಿಂಜಾರ ನಂಬಲಿಲ್ಲ.

ಸಾಕ್ಷಿ ಬೇಕಿತ್ತು. ನಾನು ಹೇಗೆ ಹುಟ್ಟಿದೆ ಅಂತ ಕಣ್ಣಾರೆ ಕಂಡವರು. ನನ್ನ ಅವ್ವ ತೀರಿಹೋಗಿ ಬಹಳ ವರ್ಷವಾಯಿತು. ಉಳಿದವಳು ಒಬ್ಬಳೇ. ನಾನು ಹುಟ್ಟಿದ್ದು ಸೊರಬ ತಾಲೂಕಿನ ಕುಪ್ಪಗಡ್ಡೆಯಲ್ಲಿ. ಹೆರಿಗೆ ಮಾಡಿಸಿದ ಸೂಲಗಿತ್ತಿ ಗಂಗಜ್ಜಿ ಇನ್ನೂ ಇದ್ದಾಳೆ, ಎಲೆ ಅಡಿಕೆ ಕುಟ್ಟಿಕೊಂಡು ಅಂತ ಕೇಳಿದ್ದೆ.

ಗುರುವಾರ ಮೊದಲನೇ ಬಸ್ಸಿಗೆ ಹೊರಟೆ. ಶಿರಾಳಕೊಪ್ಪ, ಸೊರಬ, ಅಲ್ಲಿಂದ ಇನ್ನೊಂದು ಬಸ್ಸು. ಅಜ್ಜಿ ಅಂಗಳದಲ್ಲಿ ಕೂತಿದ್ದಳು. ನಾನು ಯಾರು ಅಂತ ಹೇಳಿದೆ. ಯಾಕೆ ಬಂದೆ ಅಂತಲೂ ಹೇಳಿದೆ.

'ಅದೆಂತ ಸಾಕ್ಷಿನಾ ಮಾರಾಯ?' ಅಂದಳು. 'ಹುಟ್ಟಿದ್ದಕ್ಕೆ ಸಾಕ್ಷಿ ಕೇಳಿದೋರು ಅದಾರೆ, ತಲೆ ಮುಂದೋ ಕಾಲು ಮುಂದೋ ಅಂತ ಕೇಳಿದೋನು ನೀನೇ ಮೊದ್ಲು.'

ಬರುವುದಕ್ಕೆ ಒಂದೇ ಷರತ್ತು ಹಾಕಿದಳು. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಮುಂದಿನ ಸೀಟು ಬೇಕು. ಕೊಡಿಸಿದೆ. ತಪ್ಪು ಮಾಡಿದೆ. ಅಲ್ಲಿಂದ ಹಿಂದಕ್ಕೆ ತಿರುಗಿ ಕೂತು, ಶಿಕಾರಿಪುರ ಬರುವವರೆಗೆ ಇಡೀ ಬಸ್ಸಿಗೆ ನನ್ನ ಜನನದ ಕಥೆ ಹೇಳಿದಳು. ಇಳಿಯುವಾಗ ಕಂಡಕ್ಟರ್ ನನ್ನ ತಲೆಯನ್ನೇ ನೋಡುತ್ತಿದ್ದ.

ಇಮಾಮನ ಮನೆಯಲ್ಲಿ ಜನ ಸೇರಿದ್ದರು. ಬೀಬಮ್ಮ, ಅಕ್ಕಪಕ್ಕದವರು, ಮಜ್ಜಿಗೆ ಅನ್ನ ತಂದಿದ್ದ ನನ್ನ ಗೌರಮ್ಮ. ಅಜ್ಜಿ ಹೋಗಿ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

'ಈ ರುದ್ರಪ್ಪನ್ನ ನಾನೇ ಹಿಡ್ದಿದ್ದು. ತಲೆ ಮುಂದಾಗೇ ಬಂದ ಕಣಪ್ಪ. ಆ ತಲೆ ದಪ್ಪಕ್ಕೆ ಇವ್ನವ್ವ ಸತ್ತು ಬದುಕಿದ್ಲು.'

ಇಮಾಮ ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ.

'ಎಲ್ಲಿಂದ ಹಿಡ್ಕೊಂಡು ಬಂದಿಯಲೇ ಈ ಅಜ್ಜೀನ? ನಾಟಕದೋರಾ?'

ಅಜ್ಜಿಗೆ ಸಿಟ್ಟು ಬಂತು. ಬಂದರೆ ಅದು ಸಾಮಾನ್ಯ ಸಿಟ್ಟಲ್ಲ. ಎದ್ದು ಬಂದವಳೇ ನನ್ನ ಟೋಪಿ ಕಿತ್ತು ಎಸೆದು, ಕಿವಿ ಹಿಡಿದು ತಲೆ ಬಗ್ಗಿಸಿದಳು.

'ನೋಡಾ! ನೆತ್ತಿ ಮೇಲೆ ಗೆರೆ ಐತಲ್ಲ, ಎಂತದದು? ತಲೆ ಸಿಕ್ಕಿಹಾಕ್ಕೊಂಡು ಬರ್ಲೇ ಇಲ್ಲ. ಕೈ ಹಾಕಿದೆ, ನನ್ನ ಈ ಹಿತ್ತಾಳೆ ಬಳೆ ತಾಗಿ ಹರೀತು. ಅರಿಶಿನ ಒತ್ತಿದ್ದೂ ನಾನೇ. ಕಾಲು ಮುಂದಾಗಿ ಬಂದಿದ್ರೆ ನನ್ನ ಬಳೆ ಇವ್ನ ಕಾಲಿಗೆ ತಾಗ್ತಿತ್ತಾ, ತಲೆಗೆ ತಾಗ್ತಿತ್ತಾ? ಹೇಳು!'

ಅಜ್ಜಿಯ ಕೈಯಲ್ಲಿ ಆ ಬಳೆ ಇನ್ನೂ ಇತ್ತು.

ಒಂದೇ ಏಟಿಗೆ ನನ್ನ ಕಾಲೂ ಹೋಯಿತು, ಲಾಠಿಯೂ ಹೋಯಿತು. ಚಳವಳಿಯಲ್ಲಿ ನಾನು ತಿಂದ ಏಟು ಸೂಲಗಿತ್ತಿಯ ಬಳೆಯದು ಅಂತ ಊರ ಮುಂದೆ ಸಾಬೀತಾಯಿತು.

ಇಮಾಮ ನಗಲಿಲ್ಲ. ಮೆಲ್ಲಗೆ ಕೇಳಿದ.

'ಶಿರಸ್ತೇದಾರ್ರು?'

'ಸುಳ್ಳು.'

'ಹೆಡ್‌ಮಾಸ್ಟ್ರು?'

'ಸುಳ್ಳು.'

'ನಿಮ್ಮ ಮಾವನೋರು?'

ನಾನು ಗೌರಮ್ಮನ ಕಡೆ ನೋಡದೆ, 'ಅದೂ' ಅಂದೆ.

'ರೀ' ಅಂದಳು ಗೌರಮ್ಮ. ಒಂದೇ ಅಕ್ಷರ. ಮದುವೆಯಾದಾಗಿನಿಂದ ಆ ಅಕ್ಷರವನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಆ ಸ್ವರದಲ್ಲಿ ಕೇಳಿರಲಿಲ್ಲ. 'ನಮ್ಮಪ್ಪಾಜೀನ ಸುಮ್ ಸುಮ್ನೆ ಒದ್ರಾ?'

ಇಮಾಮ ತನ್ನ ಎಡಗಾಲನ್ನು ನೋಡಿಕೊಂಡ. ಅಲ್ಲಾಡಿಸಲು ನೋಡಿದ. ಅದು ಸುಮ್ಮನೆ ಬಿದ್ದಿತ್ತು, ಬೇರೆ ಯಾರದೋ ಕಾಲಿನ ಹಾಗೆ. ಆಮೇಲೆ ಬೀಬಮ್ಮನನ್ನು ಕೇಳಿದ.

'ಹುಬ್ಬಳ್ಳಿಗೆ ಹೆಂಗ ಹೋಗೋದು?'

ಅಡಿಕೆ ಮಂಡಿ ಸಾಹುಕಾರರ ಕಾರು ಕೇಳಿದೆ. (ಒದೆಸಿಕೊಂಡವರು. ವಿಷಯ ಅವರ ಕಿವಿಗೆ ಬೀಳುವ ಮೊದಲೇ ಹೋಗಿ ಕೇಳಿದೆ. ಬುದ್ಧಿ ಪೂರ್ತಿ ಸತ್ತಿರಲಿಲ್ಲ.) ಹಿಂದಿನ ಸೀಟಿನಲ್ಲಿ ಇಮಾಮನನ್ನು ಮಲಗಿಸಿ ಅವತ್ತೇ ಹೊರಟೆವು. ದಾರಿಯುದ್ದಕ್ಕೂ ನನ್ನ ಹತ್ತಿರ ಒಂದು ಮಾತಾಡಲಿಲ್ಲ. ಬಯ್ದಿದ್ದರೆ ಎಷ್ಟೋ ಹಿತವಾಗಿತ್ತು.

ಹುಬ್ಬಳ್ಳಿಯಲ್ಲಿ ಎಕ್ಸ್-ರೇ ತೆಗೆದರು. ರಕ್ತ ತೆಗೆದು ಬಾಟ್ಲಿಯಲ್ಲಿಟ್ಟರು, ಹಾಲಿಗೆ ಹೆಪ್ಪು ಹಾಕಿ ಇಡುವ ಹಾಗೆ. ಎರಡು ದಿನ ಬಿಟ್ಟು ನೋಡಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಕುರುವಿನಲ್ಲಿರುತ್ತದಲ್ಲ, ಅದೇ ಜಾತಿಯದು. ಟಿ.ಬಿ. ಅಲ್ಲ. ಆದರೆ ಅಷ್ಟು ಹೊತ್ತಿಗೆ ಬೆನ್ನು ತೆರೆದು ಕೀವು ತೆಗೆದಾಗಿತ್ತು. ಕಾಯುವಂತಿರಲಿಲ್ಲ ಅಂದರು. ಆಮೇಲೆ ಇಂಜೆಕ್ಷನ್. ಬೆಳಿಗ್ಗೆ ಇಂಜೆಕ್ಷನ್, ಮಧ್ಯಾಹ್ನ ಇಂಜೆಕ್ಷನ್, ಸಾಯಂಕಾಲ ಇಂಜೆಕ್ಷನ್. ವಾರಗಟ್ಟಲೆ. ದಬ್ಬಣ ಹಿಡಿದವನಿಗೆ ಸೂಜಿ ತನ್ನ ಸೇಡು ತೀರಿಸಿಕೊಂಡಿತು.

ಊರಿಗೆಲ್ಲ ಹಾಸಿಗೆ ಹೊಲಿದ ಮನುಷ್ಯನನ್ನು ಅಲ್ಲಿ ಮಲಗಿಸಿದ್ದು ಎಲ್ಲಿ ಗೊತ್ತೇ? ಹಲಗೆಯ ಮೇಲೆ. ಮೇಲೊಂದು ತೆಳ್ಳನೆ ಹಾಸು. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಅದರ ಮೂಲೆ ಹಿಸುಕಿ ನೋಡಿ ನರ್ಸಮ್ಮನಿಗೆ ಹೇಳಿದನಂತೆ: 'ಇದು ಹತ್ತಿ ಅಲ್ರೀ, ಹಳೇ ಚಿಂದಿ. ನಾ ಎದ್ದ ಮ್ಯಾಲೆ ನಿಮಗ ಚಲೋದು ಹೊಲಿದು ಕೊಡ್ತೀನಿ.' ಎದ್ದ ಮೇಲೆ! ಆ ಮಾತನ್ನು ಬೀಬಮ್ಮ ನನಗೆ ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಯಾಕೆಂದರೆ ಅಲ್ಲಿನ ಡಾಕ್ಟರು, ಬಲಗಾಲಿಗೆ ಭಯವಿಲ್ಲ, ಎಡಗಾಲಿನ ವಿಷಯ ಈಗಲೇ ಏನೂ ಹೇಳೋಕಾಗಲ್ಲ ಅಂದಿದ್ದರು.

ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಮೊದಲು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಆ ಹೆಬ್ಬೆರಳನ್ನು. ಅದು ಮಾತಾಡಲಿಲ್ಲ. ಅವನೂ ಮಾತಾಡಲಿಲ್ಲ.

ಇತ್ತ ಊರಿನಲ್ಲಿ ನನ್ನ ಕಥೆ ಕೇಳಿ. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಕರೆಯಲಿಲ್ಲ. ಶಿರಸ್ತೇದಾರರು ಎದುರು ಸಿಕ್ಕರೆ ರಸ್ತೆಯ ಆ ಬದಿಗೆ ಹೋಗುತ್ತಾರೆ. ಗೌರಮ್ಮ ಅಪ್ಪನ ಫೋಟೋ ತೆಗೆದು ಊಟದ ಕೋಣೆಯಲ್ಲಿ ನನ್ನ ಎದುರಿಗೇ ನೇತುಹಾಕಿದ್ದಾಳೆ. ಆ ಮೀಸೆಯನ್ನು ನೋಡಿಕೊಂಡು ದಿನಾ ಎರಡು ಹೊತ್ತು ರೊಟ್ಟಿ ನುಂಗಬೇಕು.

ಇದೆಲ್ಲ ಸರಿ. ಆದರೆ ಭಾನುವಾರ ಬಂತೆಂದರೆ ನನ್ನ ಬಾಗಿಲಿಗೆ ಈಗಲೂ ಒಬ್ಬಿಬ್ಬರು ಸೊಂಟ ಹಿಡಿದುಕೊಂಡು ಬರುತ್ತಾರೆ! 'ನಾನಲ್ಲಪ್ಪ, ಸುಳ್ಳು ಹೇಳಿದ್ದೆ' ಅಂತ ಕೈ ಮುಗಿಯುತ್ತೇನೆ. 'ಆ ಅಜ್ಜಿಗೆ ವಯಸ್ಸಾಗಿದೆ ಬಿಡ್ರೀ, ಮರೆತಿರ್ತಾಳೆ. ಒಂದೇ ಒಂದು ಒದ್ದುಬಿಡ್ರಿ' ಅನ್ನುತ್ತಾರೆ. ಹಾಗೆ ಬಂದವರನ್ನು 'ಜ್ವರ ಇದೆಯಾ? ಕುರು ಆಗಿತ್ತಾ? ಕಾಲು ಜೋಮು ಹಿಡಿಯುತ್ತಾ?' ಅಂತ ಕೇಳಿ ಡಾಕ್ಟರ ಹತ್ತಿರ ಕಳಿಸುತ್ತೇನೆ. ಕನ್ನಡಕದ ಹುಡುಗ ಡಾಕ್ಟರಿಗೆ ಈಗ ನನ್ನಿಂದಲೇ ಅರ್ಧ ಪ್ರಾಕ್ಟೀಸು. ಕಮಿಷನ್ ಕೇಳಿಲ್ಲ, ನನ್ನ ದೊಡ್ಡತನ.

ಕಳೆದ ಭಾನುವಾರದ ಮಾತು. ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಇನ್ನೊಬ್ಬ ಸೊಂಟದವನು ಬಂದ ಅಂತ ಗೊಣಗುತ್ತಾ ತೆಗೆದೆ.

ಇಮಾಮ್ ಸಾಬ. ಕೈಯಲ್ಲಿ ಕೋಲು. ಅಂಗಿಯ ಒಳಗೆ ಬೆನ್ನಿಗೆ ಬಿಗಿದ ಪಟ್ಟಿ. ಸೊರಗಿ ಅರ್ಧ ಆಗಿದ್ದಾನೆ. ಆದರೆ ನಿಂತಿದ್ದಾನೆ. ಎರಡೂ ಕಾಲಿನಲ್ಲಿ ಚಪ್ಪಲಿ ಇದೆ.

'ಕಾಲು ತೊಳ್ಕೊಂಡು ಬಂದೀನಿ' ಅಂದ. 'ತಿರುಗು.'

'ಏನು?'

'ಮೂರನೇ ಭಾನುವಾರ ಬಾಕಿ ಇತ್ತಲ್ಲ. ತಿರುಗಲೇ. ಕಿವಿ ಹಿಡ್ಕೊ.'

ಒಳಗಿನಿಂದ ಗೌರಮ್ಮ ಬಂದು ಗೋಡೆಗೆ ಒರಗಿ ನಿಂತಳು. ತಡೆಯುತ್ತಾಳೆ ಅಂದುಕೊಂಡೆ. 'ಮೂರು ಸಲ ಇಮಾಮಣ್ಣ, ನಮ್ಮಪ್ಪಂದೂ ಸೇರ್ಸಿ' ಅಂದಳು.

ಹೊಸ್ತಿಲ ಮೇಲೆ ಕಿವಿ ಹಿಡಿದು ನಿಂತೆ. ಅವನು ಕೋಲು ಊರಿ, ಕಾಲು ಎತ್ತಿದ್ದನ್ನು ಓರೆಗಣ್ಣಿನಲ್ಲಿ ನೋಡಿದೆ. ಎಡಗಾಲು. ಹೆಬ್ಬೆರಳೂ ಅಲ್ಲಾಡದೆ ಬಿದ್ದಿದ್ದ, ಯಾರೂ ಏನೂ ಹೇಳಲಾಗದಿದ್ದ ಅದೇ ಎಡಗಾಲು.

ಒದ್ದ ನೋಡಿ! ಅಂಗಳಕ್ಕೆ ಹೋಗಿ ಬಿದ್ದೆ. ಎದ್ದು ಬಂದು, 'ಇನ್ನೂ ಎರಡು ಬಾಕಿ ಐತಿ' ಅಂತ ಮತ್ತೆ ಕಿವಿ ಹಿಡಿದು ನಿಂತೆ. ಅವನು ನಗುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂದಿತ್ತು. (ಸೊಂಟದ ನೋವಿಗೆ, ಇನ್ನೇನಿಲ್ಲ.)

ಈ ವಾರದ ಬರಹವನ್ನು ಬೋರಲು ಮಲಗಿ ಬರೆಯುತ್ತಿದ್ದೇನೆ, ಇಮಾಮ ಹೊಲಿದ ಹಾಸಿಗೆಯ ಮೇಲೆ. ಕಾಲು ಮುಂದಾಗಿ ಹುಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನಮ್ಮ ಬೀದಿಗೆ ಬರಬೇಡಿ.